ಘಾಟಿಯ ಅಳತೆ

ಮೇ 12, ಭಾನುವಾರ

ಅತ್ತೆ ನಿನ್ನೆ ಬೆಳಗಿನ ಬಸ್ಸಿಗೆ ಹೋದರು. ಎರಡು ಕಣ್ಣಿಗೂ ಪೊರೆ ತೆಗೆಸಬೇಕು. ಮೊದಲು ಬಲಗಣ್ಣು, ಎರಡು ವಾರ ಬಿಟ್ಟು ಎಡಗಣ್ಣು. ಅಲ್ಲಿಯವರೆಗೂ ನಾದಿನಿಯ ಮನೆಯಲ್ಲೇ ಇರುತ್ತಾರೆ. ಮಿಷನ್ನಿನ ಮೇಲಿಂದ ಕಾಲು ತೆಗೆದರೆ ಗಡಿಯಾರದ ಸದ್ದು ಕೇಳಿಸುವಷ್ಟು ಮನೆ ಖಾಲಿಯಾಗಿದೆ. ಅದಕ್ಕೇ ಅಳತೆ ಪುಸ್ತಕವನ್ನು ತಿರುಗಿಸಿ ಹಿಂದಿನ ಹಾಳೆಗಳಲ್ಲಿ ಬರೆಯಲು ಕೂತಿದ್ದೇನೆ. ಮುಂದಿನ ಹಾಳೆಗಳಲ್ಲಿ ಊರಿನವರ ಸೊಂಟ, ತೋಳು, ಕತ್ತು ಇವೆ. ಹಿಂದಿನವು ನನಗಿರಲಿ.

ಹಾಗಂತ ಅತ್ತೆ ಇದ್ದಾಗ ನಾವೇನು ಹರಟೆ ಕೊಚ್ಚುತ್ತಿದ್ದೆವು ಎಂದಲ್ಲ. ಊಟ ಆಯಿತಾ ಎಂದು ನಾನು ಕೇಳುವುದು, ಆಯಿತು ಎಂದು ಅವರು ಹೇಳುವುದು. ಎರಡು ವರ್ಷದಿಂದ ಬರೀ ಮರ್ಯಾದೆಯ ಮಾತು. ಜಗಳವೇ ಆಡದ ಅತ್ತೆ ಸೊಸೆ ಎಂದು ಬೀದಿಯವರೆಲ್ಲ ಹೊಗಳುತ್ತಾರೆ. ನಮ್ಮವರು ತೀರಿಕೊಂಡ ಮೇಲೆ ಜಗಳಕ್ಕೆ ಬೇಕಾದ ಸಲಿಗೆಯೂ ನಮ್ಮಲ್ಲಿ ಉಳಿದಿಲ್ಲ ಅನ್ನುವುದು ಬೀದಿಯವರಿಗೆ ಹೇಗೆ ಗೊತ್ತಾಗಬೇಕು?

ಹೋಗುವಾಗ ಅತ್ತೆ ನನಗೆ ಹೇಳಿದ್ದು ಎರಡು ಮಾತು, ಕೋಳಿಗಳ ಬಗ್ಗೆ ಇಪ್ಪತ್ತು ಮಾತು. ಹಿತ್ತಲಲ್ಲಿ ನಾಲ್ಕಿವೆ. ಮೂರು ಬಿಳಿ, ಒಂದು ಕಪ್ಪು. ಆ ಕಪ್ಪಿಗೆ ಅತ್ತೆ ಇಟ್ಟ ಹೆಸರು ಘಾಟಿ. ಬೆಕ್ಕನ್ನೂ ಬೆದರಿಸುತ್ತದೆ, ನನ್ನ ಕಾಲನ್ನೂ ಕುಕ್ಕುತ್ತದೆ. 'ಅವಳಿಗೆ ಮುನಿಸು ಜಾಸ್ತಿ, ಅವಳನ್ನ ಮೊದಲು ಮಾತಾಡಿಸು' ಎಂದು ಹೇಳಿಹೋಗಿದ್ದಾರೆ. ಕೋಳಿಗೆ ಅವಳು ಎನ್ನುತ್ತಾರೆ. ನನಗೆ ಅದು ಕೋಳಿ, ಅಷ್ಟೆ.

ಗೂಡು ಮಾಡಿದವರು ನಮ್ಮವರು. ಬಡಗಿಯ ಕೈ, ಒಂದು ಕಡೆಯೂ ಓರೆಕೋರೆ ಇಲ್ಲ. ಚಿಲಕ ಮಾತ್ರ ಮರದ್ದು, ಸ್ವಲ್ಪ ಉಬ್ಬಿಕೊಂಡಿದೆ. ಎತ್ತಿ ಒತ್ತಿದರೆ ಮಾತ್ರ ಕೂರುತ್ತದೆ. ಸಂಜೆ ನಾನು ಹಾಕಿ ಬಂದ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು ಹೋಗಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಬರುತ್ತಾರೆ. ದಿನವೂ. ನಾನು ಹೊಲಿದ ಹೊಲಿಗೆಯ ಮೇಲೆ ಇನ್ನೊಬ್ಬರು ಹೊಲಿಗೆ ಹಾಕಿದ ಹಾಗೆ ನನಗೆ ಮೈಯೆಲ್ಲ ಉರಿಯುತ್ತದೆ. ಇವತ್ತು ಹಿಂದೆ ಬಂದು ನೋಡುವವರಿಲ್ಲ. ನಿರಾಳ.

ಮೇ 14, ಮಂಗಳವಾರ

ಬೆಳಿಗ್ಗೆಯಿಂದ ಮಿಷನ್ನು ಮುಟ್ಟಿಲ್ಲ.

ನಿನ್ನೆ ಸಂಜೆ ಶಾಲೆಯ ಹೆಡ್‌ಮಿಸ್ಸು ಬಂದಿದ್ದರು. ಶಾಲೆ ಶುರುವಾಗುವುದರೊಳಗೆ ಅರವತ್ತು ಜೊತೆ ಯೂನಿಫಾರ್ಮು ಬೇಕಂತೆ, ಈ ಸಲ ಕಾಲರಿಗೆ ಬೇರೆ ಬಣ್ಣದ ಪಟ್ಟಿ ಬೇಕಂತೆ. ನಾನು ಕೋಳಿಗಳನ್ನು ಗೂಡಿಗೆ ಅಟ್ಟಿ ಬಾಗಿಲು ಎಳೆಯುತ್ತಿರುವಾಗಲೇ ಅವರು ಕೂಗಿದ್ದು. ಎಳೆದದ್ದು ನೆನಪಿದೆ. ಚಿಲಕ ಎತ್ತಿ ಒತ್ತಿದ್ದು ನೆನಪಿಲ್ಲ. ಒತ್ತಿಲ್ಲ. ಬೆಳಕು ಹರಿಯುವಾಗ ನಾಯಿ ಬೊಗಳಿದ್ದು ಕೇಳಿ ಎದ್ದು ಓಡಿದೆ. ಗೂಡಿನ ಬಾಗಿಲು ಹಾರು ಹೊಡೆದಿತ್ತು. ಮೂರು ಬಿಳಿ ಕೋಳಿಗಳು ಕಾಂಪೌಂಡಿನ ಮೇಲೆ ಕೂತು ಅರಚುತ್ತಿದ್ದವು. ಹಿತ್ತಲ ತುಂಬ ಕಪ್ಪು ಪುಕ್ಕ.

ಘಾಟಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ನೀರಿನ ಡ್ರಮ್ಮಿಗೂ ಗೋಡೆಗೂ ಮಧ್ಯೆ ತೂರಿಕೊಂಡಿತ್ತು. ಎತ್ತಿಕೊಂಡರೆ ಕುಕ್ಕಲಿಲ್ಲ. ಆಗಲೇ ನನಗೆ ಹೆದರಿಕೆಯಾಯಿತು. ಬೆನ್ನಿನ ಬಲಭಾಗದಲ್ಲಿ ಚರ್ಮ ಮೂರು ಕಡೆ ಕಿತ್ತು, ಹರಿದ ಜೇಬಿನ ಹಾಗೆ ಒಂದೇ ಕಡೆ ಹಿಡಿದುಕೊಂಡು ಜೋತಾಡುತ್ತಿತ್ತು. ಅದರಡಿಯಲ್ಲಿ ಕಡುಗೆಂಪು ಮಾಂಸ, ಉಸಿರಾಡಿದಾಗೆಲ್ಲ ಏರಿ ಇಳಿಯುತ್ತಿತ್ತು. ಅಭ್ಯಾಸಬಲ, ಒಳಗೆ ತಂದವಳೇ ಟೇಪು ಹಿಡಿದೇಬಿಟ್ಟೆ. ಮೂರೂವರೆ ಇಂಚು ಉದ್ದ, ಎರಡೂಕಾಲು ಇಂಚು ಅಗಲ.

ಹರಿದದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಂದು ಚೊಂಬು ನೀರು ಹಾಕಿ, ಒರೆಸಿ, ಸಣ್ಣ ಸೂಜಿ ಕುದಿಸಿ, ರೇಷ್ಮೆ ದಾರ ಪೋಣಿಸಿ ಹೊಲಿದೆ. ಹನ್ನೊಂದು ಹೊಲಿಗೆ, ಒಂದೇ ಅಂತರ, ಒಂದೇ ಬಿಗಿ. ಅಷ್ಟು ಹೊತ್ತೂ ಅದು ಕೂಗಲಿಲ್ಲ. ಕಣ್ಣಿನ ರೆಪ್ಪೆ ಕೆಳಗಿನಿಂದ ಮೇಲಕ್ಕೆ ಮುಚ್ಚಿ ತೆಗೆಯಿತು, ಅಷ್ಟೆ. ಕೋಳಿಯ ರೆಪ್ಪೆ ಕೆಳಗಿನಿಂದ ಮುಚ್ಚುತ್ತದೆ ಎಂದು ಇಷ್ಟು ವರ್ಷದಲ್ಲಿ ನಾನು ನೋಡಿರಲೇ ಇಲ್ಲ.

ಅತ್ತೆ ಬರುವುದರೊಳಗೆ ವಾಸಿಯಾದರೆ ಸಾಕು. ಪುಕ್ಕ ಮುಚ್ಚಿಕೊಂಡರೆ ಯಾರಿಗೆ ಕಾಣುತ್ತದೆ?

ಮೇ 15, ಬುಧವಾರ

ಬಟ್ಟೆ ಬಂದಿದ್ದ ರಟ್ಟಿನ ಡಬ್ಬಿಯಲ್ಲಿ ಚಿಂದಿ ಹಾಸಿ, ಕಟಿಂಗ್ ಟೇಬಲ್ಲಿನ ಕೆಳಗೆ ಇಟ್ಟಿದ್ದೇನೆ. ನೀರು ಕುಡಿಯಿತು. ಹೊಲಿಗೆ ಎಷ್ಟು ನೀಟಾಗಿ ಕೂತಿದೆಯೆಂದರೆ ನಾನೇ ಹುಡುಕಬೇಕು. ಹತ್ತು ಕಾಲರ್ ಮುಗಿದವು.

ಮೇ 17, ಶುಕ್ರವಾರ

ನಿನ್ನೆಯಿಂದ ಒಂದು ನಾತ. ಮೊದಲು ಹೊಸ ಬಟ್ಟೆಯ ಗಂಜಿಯ ವಾಸನೆ ಎಂದುಕೊಂಡೆ, ಆಮೇಲೆ ಚರಂಡಿ ಎಂದುಕೊಂಡೆ. ನನ್ನ ಹೊಲಿಗೆಯದು ಎಂದು ಮಾತ್ರ ಅಂದುಕೊಳ್ಳಲಿಲ್ಲ. ಬೆಳಿಗ್ಗೆ ನೋಡಿದರೆ ಕೋಳಿ ಡಬ್ಬಿಯ ಮೂಲೆಗೆ ತಲೆ ಇಟ್ಟು ಕೂತಿತ್ತು, ಬೆನ್ನು ಉಬ್ಬಿತ್ತು, ಮುಟ್ಟಿದರೆ ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗೆ ಸುಡುತ್ತಿತ್ತು. ಡಬ್ಬಿಯನ್ನು ಎತ್ತಿಕೊಂಡು ಪಶು ಆಸ್ಪತ್ರೆಗೆ ನಡೆದೇ ಹೋದೆ. ಎರಡು ಆಡು, ಒಂದು ನಾಯಿ, ಆಮೇಲೆ ನಾನು. ಆ ನಾಯಿಯನ್ನು ನೋಡಿ ನನಗೆ ಸುಮ್ಮನೆ ಸಿಟ್ಟು ಬಂತು.

ಡಾಕ್ಟರಮ್ಮ ಕನ್ನಡಕವನ್ನು ಹಣೆಗೇರಿಸಿ ಪುಕ್ಕ ಸರಿಸಿ ನೋಡಿದರು. ಹೊಲಿದವರು ಯಾರು ಎಂದು ಕೇಳಿದರು. ನಾನೇ, ಟೈಲರು, ಎಂದೆ.

"ಹೊಲಿಗೆ ನನ್ನದಕ್ಕಿಂತ ಚೆನ್ನಾಗಿದೆ. ಆದ್ರೆ ನಾಯಿ ಕಚ್ಚಿದ ಗಾಯ ಹೀಗೆ ಮುಚ್ಚಬಾರ್ದು. ಕೊಳೆಯೆಲ್ಲಾ ಒಳಗಿಟ್ಟು ಮೇಲೆ ಅಂದ ಮಾಡಿದೀರಿ."

ಹನ್ನೊಂದು ಹೊಲಿಗೆಯನ್ನೂ ಒಂದೊಂದಾಗಿ ಕತ್ತರಿಸಿದರು. ಕೋಳಿಯನ್ನು ಹಿಡಿದುಕೊಂಡವಳು ನಾನು. ಕೀವು ಬಳಬಳ ಇಳಿಯಿತು. ನಾತಕ್ಕೆ ನನ್ನ ಕಣ್ಣು ಕತ್ತಲಿಟ್ಟಿತು, ಆದರೂ ಕೈ ಬಿಡಲಿಲ್ಲ. ಜೋತಾಡುತ್ತಿದ್ದ ಚರ್ಮ ಸತ್ತುಹೋಗಿತ್ತು, ಅದನ್ನೂ ತೆಗೆದರು. ಈಗ ಬೆನ್ನಿನ ಮೇಲೆ ಬರೀ ಒಂದು ಹಳ್ಳ. ಇದನ್ನು ಹೀಗೇ ಬಿಟ್ಟರೆ ಮುಚ್ಚುವುದು ಹೇಗೆ ಎಂದು ಕೇಳಿದೆ.

"ಬಟ್ಟೆ ತಾನಾಗಿ ಕೂಡಿಕೊಳ್ಳಲ್ಲ, ಅದಕ್ಕೆ ಹೊಲೀತೀರಿ. ಇದು ಬಟ್ಟೆ ಅಲ್ಲ. ದಿನಾ ಎರಡು ಹೊತ್ತು ತೊಳೀರಿ, ನೊಣ ಕೂರದ ಹಾಗೆ ನೋಡ್ಕೊಳ್ಳಿ. ತಳದಿಂದ ಮೇಲಕ್ಕೆ ಅದೇ ತುಂಬ್ಕೊಂಡು ಬರುತ್ತೆ. ಬಿಚ್ಚಿದ ದಿನ ನೋವು ಜಾಸ್ತಿ ಇರುತ್ತೆ, ಹೆದರ್ಕೋಬೇಡಿ."

ಬದುಕುತ್ತದಾ ಎಂದು ಕೇಳಿದ್ದಕ್ಕೆ, ನಾಲ್ಕು ದಿನ ದಾಟಲಿ ನೋಡೋಣ ಎಂದರು. ಇಂಜೆಕ್ಷನ್ ಕೊಟ್ಟರು. ಸೂಜಿ ಇಲ್ಲದ ದೊಡ್ಡ ಸಿರಿಂಜು, ಅಯೋಡಿನ್ ಬಾಟಲಿ ಕೊಟ್ಟು ಕಳಿಸಿದರು. ಮೂವತ್ತು ವರ್ಷದಲ್ಲಿ ನಾನು ಹಾಕಿದ ಹೊಲಿಗೆಯನ್ನು ಇನ್ನೊಬ್ಬರು ಬಿಚ್ಚಿದ್ದು ಇದೇ ಮೊದಲು.

ಮೇ 18, ಶನಿವಾರ

ತಿನ್ನಲಿಲ್ಲ. ಬೆಳಿಗ್ಗೆ, ಸಂಜೆ ಉಪ್ಪುನೀರಿನಲ್ಲಿ ತೊಳೆದೆ. ಸೊಳ್ಳೆ ಪರದೆಯ ತುಂಡಿನಿಂದ ಡಬ್ಬಿಗೆ ಮುಚ್ಚಳ ಹೊಲಿದೆ.

ಮೇ 19, ಭಾನುವಾರ

ಅತ್ತೆಯ ಫೋನು. ಬಲಗಣ್ಣಿನ ಪಟ್ಟಿ ಬಿಚ್ಚಿ ಐದು ದಿನವಾಯಿತಂತೆ. ಮಗಳ ಮನೆಯ ಗೋಡೆ ಬಿಳಿ ಎಂದುಕೊಂಡಿದ್ದರಂತೆ, ನೋಡಿದರೆ ಹಳದಿಯಂತೆ. ಎರಡು ವರ್ಷದಲ್ಲಿ ಮೊದಲ ಸಲ ಅವರ ದನಿಯಲ್ಲಿ ನಗು ಇತ್ತು. ಆಮೇಲೆ ಕೋಳಿಗಳ ವಿಷಯ ಬಂತು. ಎಲ್ಲಾ ಚೆನ್ನಾಗಿವೆ ಅತ್ತೆ ಎಂದೆ. ಘಾಟಿಯ ಹತ್ತಿರ ಫೋನು ಹಿಡಿ, ಅವಳ ಸದ್ದು ಕೇಳಬೇಕು ಎಂದರು.

ಟೇಬಲ್ಲಿನ ಕೆಳಗೆ ನೋಡಿದೆ. ಕಣ್ಣು ಮುಚ್ಚಿ ಕೂತಿತ್ತು. ಸದ್ದು ಎಲ್ಲಿಂದ ತರಲಿ? ಹಿತ್ತಲಿಗೆ ಹೋಗಿ ಒಂದು ಬಿಳಿ ಕೋಳಿಯ ಮುಂದೆ ಕಾಳು ಎರಚಿ ಫೋನು ಹಿಡಿದೆ. ಅದು ಗಂಟಲು ಬಿಚ್ಚಿ ಕೊಕ್ಕೊಕ್ಕೋ ಎಂದಿತು. ಅಷ್ಟು ಕೇಳಿದವರೇ, "ಸರಿ, ಇಡ್ತೀನಿ" ಎಂದರು.

ನಾಚಿಕೆಯಾಗಬೇಕು ನನಗೆ. ಇಷ್ಟು ದಿನ ಕಣ್ಣು ಕಾಣದಿದ್ದ ಮುದುಕಿಗೆ ಕಿವಿಗೂ ಮೋಸ.

ಮೇ 20, ಸೋಮವಾರ

ತಿನ್ನಲಿಲ್ಲ. ನಾನೂ ಅಡುಗೆ ಮಾಡಲಿಲ್ಲ.

ಮೇ 21, ಮಂಗಳವಾರ

ತಿಂದಳು!

ಬೇಯಿಸಿದ ಮೊಟ್ಟೆಯ ಹಳದಿಯನ್ನು ನೀರಿನಲ್ಲಿ ಕಲಸಿ ಬೆರಳಿಗೆ ಹಚ್ಚಿ ಕೊಕ್ಕಿನ ಹತ್ತಿರ ಹಿಡಿದಿದ್ದೆ. ಕೋಳಿಗೆ ಮೊಟ್ಟೆ ತಿನ್ನಿಸುವುದು ಒಂದು ಥರದ ಅಧ್ವಾನವೇ, ಆದರೆ ಡಾಕ್ಟರಮ್ಮ ಹೇಳಿದ್ದು. ಬೆಳಿಗ್ಗೆ ಒಂದು ಸಲ ಬೆರಳು ನೋಡಿದಳು, ಮುಖ ತಿರುಗಿಸಿದಳು. ಹತ್ತು ಗಂಟೆಗೆ ಕುಕ್ಕಿದಳು. ಎಂಥ ಕುಕ್ಕು ಅಂದರೆ ಬೆರಳಲ್ಲಿ ರಕ್ತ ಬಂತು. ಇಷ್ಟು ಸಂತೋಷದಿಂದ ನಾನು ಯಾವತ್ತೂ ಬೆರಳು ಕಟ್ಟಿಕೊಂಡಿಲ್ಲ.

ಸಂಜೆ ತೊಳೆಯುವಾಗ ಇನ್ನೊಂದು ಕಂಡೆ. ಹಳ್ಳದ ತಳದಲ್ಲಿ ಕೆಂಪು ಕಾಳುಗಳು ಎದ್ದಿವೆ. ಸಾಸಿವೆಯಷ್ಟು ಸಣ್ಣವು, ಒದ್ದೆ, ಹೊಳೆಯುವಂಥವು. ನಿನ್ನೆ ಇರಲಿಲ್ಲ. ಕೆಟ್ಟಿತೇನೋ ಎಂದು ಗಾಬರಿಯಾಗಿ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅದು ಹೊಸ ಮಾಂಸ, ಇನ್ನು ಅದೇ ನೋಡಿಕೊಳ್ಳುತ್ತದೆ ಎಂದರು. ಫೋನು ಇಟ್ಟು ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಕೆಲಸವೆಲ್ಲ ಹಾಗೇ ಬಿದ್ದಿತ್ತು, ಕೂತು ನೋಡಿದೆ. ನೂಲಿಲ್ಲ, ಸೂಜಿಯಿಲ್ಲ, ಕೇಳಿದವರಿಲ್ಲ, ಹೇಳಿದವರಿಲ್ಲ. ಕತ್ತಲೆಯಲ್ಲಿ ಒಂದು ಡಬ್ಬಿಯೊಳಗೆ ಕೂತು ಈ ಕೋಳಿ ತನ್ನನ್ನು ತಾನೇ ನೇಯುತ್ತಿದೆ. ನನ್ನ ಮೈ ಜುಮ್ಮೆಂದಿತು. ಕೈ ಮುಗಿಯಬೇಕು ಅನ್ನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ.

ಅಳತೆ: ಮೂರುಕಾಲು, ಎರಡು.

ಮೇ 24, ಶುಕ್ರವಾರ

ಮೂರು, ಒಂದೂಮುಕ್ಕಾಲು. ಹೆಡ್‌ಮಿಸ್ಸು ಅಳತೆ ಪುಸ್ತಕದಲ್ಲಿ ತಮ್ಮ ಶಾಲೆಯ ಲೆಕ್ಕ ಹುಡುಕುವಾಗ ಇದನ್ನು ಕಂಡು, ಯಾವ ಮಗುವಿನ ಅಳತೆ ಇಷ್ಟು ಸಣ್ಣದು ಎಂದು ಕೇಳಿದರು. ನಮ್ಮನೆಯದು ಎಂದೆ. ಟೇಬಲ್ಲಿನ ಕೆಳಗಿಂದ ಘಾಟಿ ಅವರ ಚಪ್ಪಲಿಯನ್ನು ಕುಕ್ಕಿದಳು.

ಈಗ ಅವಳಿಗೆ ಮಿಷನ್ನಿನ ಸದ್ದು ಬೇಕು. ನಿಲ್ಲಿಸಿದರೆ ಗೊಣಗುತ್ತಾಳೆ, ಶುರುಮಾಡಿದರೆ ಕತ್ತು ಒಳಗೆಳೆದುಕೊಂಡು ನಿದ್ದೆ ಹೋಗುತ್ತಾಳೆ. ನಾನು ಅವಳಿಗೋಸ್ಕರ ಒಂದೆರಡು ಸಲ ಖಾಲಿ ಮಿಷನ್ನು ತುಳಿದೆ. ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು.

ತೊಳೆಯುವಾಗ ಎಡಗೈ ಅವಳ ಎದೆಯಡಿ ಇರುತ್ತದೆ. ಒಂದು ಹಿಡಿಯಷ್ಟು ಮೈ, ಒಳಗೆ ಒಲೆಯಷ್ಟು ಬಿಸಿ. ಎಣಿಸಲಾಗದಷ್ಟು ಜೋರಾಗಿ ಗುಂಡಿಗೆ ಬಡಿದುಕೊಳ್ಳುತ್ತದೆ. ಗಾಯದ ಅಂಚಿನಿಂದ ಗುಲಾಬಿ ಬಣ್ಣದ ತೆಳು ಪೊರೆ ಒಳಗೆ ಸರಿಯುತ್ತಿದೆ, ಸುತ್ತಲಿಂದಲೂ ಒಂದೇ ಸಮ. ನಾನು ಅಂಚು ಒಂದೇ ಸಮ ಮಡಿಚಲು ಸೀಮೆಸುಣ್ಣದ ಗೆರೆ ಹಾಕಿಕೊಳ್ಳಬೇಕು. ಇಲ್ಲಿ ಗೆರೆ ಹಾಕಿದವರು ಯಾರು?

ಮೇ 26, ಭಾನುವಾರ

ಅತ್ತೆಯ ಎರಡನೇ ಕಣ್ಣೂ ನಿನ್ನೆ ಆಯಿತು. ಇವತ್ತು ಫೋನಿನಲ್ಲಿ ಘಾಟಿಯ ಸುದ್ದಿ ಎತ್ತಲಿಲ್ಲ. ಕೋಳಿಗಳ ಸುದ್ದಿಯನ್ನೇ ಎತ್ತಲಿಲ್ಲ. ಸ್ವಲ್ಪ ಹೊತ್ತು ಹವಾಮಾನದ ಮಾತಾಡಿ, "ಇಲ್ಲೇ ಇದ್ದುಬಿಡು ಅಂತಿದಾಳೆ ಇವಳು. ನೀನೇನಂತೀ?" ಎಂದರು.

ನಿಮ್ಮಿಷ್ಟ ಅತ್ತೆ, ಎಂದೆ.

"ಹೂಂ. ನನ್ನಿಷ್ಟ," ಎಂದು ಇಟ್ಟರು.

ಆಮೇಲೆ ನಾದಿನಿ ಬೇರೆಯಾಗಿ ಫೋನು ಮಾಡಿದಳು. "ಅತ್ತಿಗೆ, ಅಮ್ಮ ಇಲ್ಲಿ ಚೆನ್ನಾಗೇ ಇದಾರೆ. ಆದ್ರೆ ದಿನಾ ಸಂಜೆ ಎದ್ದು ಹಿಂದಿನ ಬಾಗಿಲಿಗೆ ಹೋಗಿ ನಿಂತ್ಕೋತಾರೆ. ನಮ್ಮನೇಲಿ ಅಲ್ಲಿ ಏನೂ ಇಲ್ಲ."

ಮೊದಲಾಗಿದ್ದರೆ ಒಬ್ಬಳೇ ಇರುವುದು ಆರಾಮ ಅನ್ನಿಸುತ್ತಿತ್ತೋ ಏನೋ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದು ಇನ್ನೂ ಅಂದಾಜು ಸಿಕ್ಕಿಲ್ಲ, ದಿನವೂ ಮಿಗುತ್ತದೆ. ಮಿಕ್ಕದ್ದನ್ನು ಕೋಳಿಗಳು ತಿನ್ನುತ್ತವೆ.

ಮೇ 27, ಸೋಮವಾರ

ಎರಡೂವರೆ, ಒಂದೂಕಾಲು.

ಬರೆಯಬಾರದು ಎಂದುಕೊಂಡಿದ್ದೆ. ಯಾರೂ ಓದುವುದಿಲ್ಲವಲ್ಲ, ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಆ ದಿನವೂ ಯೂನಿಫಾರ್ಮಿನ ಕೆಲಸ ತಲೆಯ ಮೇಲಿತ್ತು. ಹನ್ನೊಂದು ಗಂಟೆ ಇರಬಹುದು. ನಮ್ಮವರು ಈ ಕೋಣೆಯ ಬಾಗಿಲಲ್ಲಿ ನಿಂತು, ಎದೆ ಒಂಥರಾ ಹಿಡಿದ ಹಾಗಾಗುತ್ತಿದೆ ಎಂದರು. ನಾನು ತಲೆ ಎತ್ತಲಿಲ್ಲ. ಗ್ಯಾಸ್ ಇರಬೇಕು, ಹೋಗಿ ಮಲಗಿ, ಈ ಕಾಲರ್ ಮುಗಿಸಿ ಬರುತ್ತೇನೆ ಎಂದೆ. ಆ ಕಾಲರ್ ಮುಗಿಯಿತು. ಇನ್ನೊಂದು ತೆಗೆದುಕೊಂಡೆ. ಅದೂ ಮುಗಿದ ಮೇಲೆ ಎದ್ದು ಹೋಗಿ ನೋಡಿದೆ. ಗೋಡೆಯ ಕಡೆ ತಿರುಗಿ ಮಲಗಿದ್ದರು. ಮುಟ್ಟಿದೆ.

ಸಂಜೆ, ಎಲ್ಲ ಮುಗಿದ ಮೇಲೆ, ಅತ್ತೆ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದರು: "ನಿನಗೇನಾದ್ರೂ ಹೇಳಿದ್ನಾ?" ನಾನು ಇಲ್ಲ ಎಂದೆ. ಅತ್ತೆ ಕೈ ಬಿಟ್ಟರು. ಅವತ್ತಿನಿಂದ ಇವತ್ತಿನವರೆಗೆ ಆ ಮಾತು ಎತ್ತಿಲ್ಲ. ಊಟ ಆಯಿತಾ, ಆಯಿತು.

ಇಷ್ಟು ಬರೆದು ಎದ್ದು ಹೋಗಿ ಘಾಟಿಯ ಗಾಯ ತೊಳೆದೆ. ತೊಳೆಯುವ ಹೊತ್ತಾಗಿರಲಿಲ್ಲ.

ಮೇ 31, ಶುಕ್ರವಾರ

ಅರವತ್ತು ಜೊತೆಯೂ ಶಾಲೆಗೆ ಹೋದವು. ಕೋಣೆ ಬಣಬಣ.

ಎರಡು, ಒಂದಕ್ಕೆ ಕೊಂಚ ಕಮ್ಮಿ. ಗಾಯದ ಸುತ್ತ ನೀಲಿ ಮುಳ್ಳುಗಳು ಎದ್ದಿವೆ. ನಾಯಿ ಕಿತ್ತ ಜಾಗದಲ್ಲೆಲ್ಲ ಪುಕ್ಕ ಮತ್ತೆ ಹುಟ್ಟುತ್ತಿದೆ. ಒಂದೊಂದೂ ತೆಳುವಾದ ಕೊಳವೆಯೊಳಗೆ ಸುತ್ತಿಟ್ಟುಕೊಂಡು ಬರುತ್ತದೆ. ಇವತ್ತು ಒಂದರ ತುದಿ ಒಡೆದಿತ್ತು. ಒಳಗಿನಿಂದ ಕೂದಲೆಳೆಯಷ್ಟು ಪುಕ್ಕ ಇಣುಕುತ್ತಿತ್ತು, ಆಗಲೇ ಕಪ್ಪು, ಆಗಲೇ ಹೊಳಪು. ಉಗುರಿನ ತುದಿಯಷ್ಟಿದೆ, ಅದರಲ್ಲೂ ನಡುವಿನ ದಂಟು, ಎರಡು ಕಡೆಯ ಎಳೆ, ಯಾವುದೂ ತಪ್ಪಿಲ್ಲ. ನಾನು ಹತ್ತು ವರ್ಷದವಳಿದ್ದಾಗ ಮೊದಲ ಸಲ ಗುಂಡಿ ಹೊಲಿದು ಅಮ್ಮನಿಗೆ ತೋರಿಸಲು ಓಡಿದ್ದೆ. ಇವತ್ತೂ ಯಾರಿಗಾದರೂ ತೋರಿಸಬೇಕು ಅನ್ನಿಸಿ, ಕೋಳಿಯನ್ನು ಎತ್ತಿಕೊಂಡು ಅಡುಗೆಮನೆಯವರೆಗೂ ಹೋದೆ. ಅಲ್ಲಿ ಯಾರಿದ್ದಾರೆ?

ಜೂನ್ 2, ಭಾನುವಾರ

ನಾನೇ ಫೋನು ಮಾಡಿದೆ. ಅತ್ತೆ ಹಲೋ ಅನ್ನುವುದಕ್ಕೂ ಬಿಡದೆ ಎಲ್ಲ ಹೇಳಿದೆ. ಚಿಲಕ ಒತ್ತಲಿಲ್ಲ, ನಾಯಿ ಬಂತು, ಹೊಲಿದೆ, ಕೊಳೆಯಿತು, ಬಿಚ್ಚಿದರು, ನಿಮಗೆ ಕೇಳಿಸಿದ್ದು ಬೇರೆ ಕೋಳಿ.

"ಗೊತ್ತು. ಅದು ಬಿಳೀದು. ಮೂರು ವರ್ಷದಿಂದ ಕಣ್ಣಿಲ್ದೇ ಸಾಕಿದೀನಿ, ದನಿ ಗೊತ್ತಾಗಲ್ವಾ? ಅವತ್ತೇ ಅವಳು ಸತ್ತಳು ಅಂದ್ಕೊಂಡೆ. ನೀನೇ ಹೇಳ್ತೀಯೇನೋ ಅಂತ ಕಾದೆ."

ಬದುಕಿದ್ದಾಳೆ ಅತ್ತೆ, ಎಂದೆ. ಫೋನನ್ನು ಟೇಬಲ್ಲಿನ ಕೆಳಗೆ ಹಿಡಿದೆ. ಘಾಟಿ ಅದನ್ನು ಟಕ್ಕೆಂದು ಕುಕ್ಕಿ, ಗಂಟಲಲ್ಲೇ ಗೊಗ್ಗರು ದನಿಯಲ್ಲಿ ಬೈದಳು. ಆ ಕಡೆ ಅತ್ತೆ ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ಪುಕ್ಕ ಬರುತ್ತಿರುವುದನ್ನು ನೀವೇ ನೋಡಬೇಕು, ಬನ್ನಿ, ಎಂದೆ.

"ಬಾ ಅಂತ ಅಂದ್ಯಲ್ಲ, ಬರ್ತೀನಿ," ಎಂದರು.

ಜೂನ್ 8, ಶನಿವಾರ

ಅತ್ತೆ ಬಂದರು. ಗೋಡೆ ಹಿಡಿಯದೆ ನಡೆಯುತ್ತಾರೆ. ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನ್ನ ತಲೆ ಯಾವಾಗ ನರೆಯಿತು ಎಂದು ಕೇಳಿದರು. ನೀವು ನೋಡದೇ ಇದ್ದಾಗ, ಎಂದೆ.

ಘಾಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಬೆಳಕಿನಲ್ಲಿ ಕೂತರು. ಅವಳು ಬರೀ ಕಪ್ಪಲ್ಲ. ಬಿಸಿಲಿಗೆ ತಿರುಗಿಸಿದರೆ ಹಸಿರು ಹೊಳೆಯುತ್ತಾಳೆ, ರೆಕ್ಕೆಯಡಿ ನೇರಳೆ. ಅತ್ತೆಗೆ ಅದು ಇವತ್ತೇ ಗೊತ್ತಾದದ್ದು. ಇಷ್ಟು ದಿನ ದಿನಕ್ಕೆರಡು ಸಲ ತೊಳೆದೂ ನನಗೂ ಇವತ್ತೇ ಗೊತ್ತಾದದ್ದು. ಇಬ್ಬರೂ ಬಾಯಿ ಬಿಟ್ಟುಕೊಂಡು ಒಂದು ಕೋಳಿಯನ್ನು ನೋಡುತ್ತಾ ಕೂತೆವು. ಅಡುಗೆ ತಡವಾಯಿತು.

ಜೂನ್ 9, ಭಾನುವಾರ

ಬೆಳಿಗ್ಗೆ ಅತ್ತೆ ಘಾಟಿಯನ್ನು ಹಿಡಿದುಕೊಂಡಿದ್ದರು, ನಾನು ಸಿರಿಂಜಿನಲ್ಲಿ ನೀರು ಬಿಡುತ್ತಿದ್ದೆ. ಈಗ ಉಳಿದಿರುವುದು ಹೆಬ್ಬೆರಳಿನಷ್ಟು ಜಾಗ. ಹೊಸ ಚರ್ಮದ ಮೇಲೆ ಅತ್ತೆ ಬೆರಳಿನ ಹಿಂಭಾಗ ಇಟ್ಟು, ಇಷ್ಟು ದೊಡ್ಡ ಗಾಯ ಒಳಗಿನಿಂದಲೇ ತುಂಬಿತಾ ಎಂದು ಕೇಳಿದರು. ಹೂಂ, ತೆರೆದಿಟ್ಟರೆ ತುಂಬುತ್ತದಂತೆ ಎಂದೆ. ಹಾಗೆಂದವಳು ನಿಲ್ಲಿಸಬಹುದಿತ್ತು. ಸಿರಿಂಜು ಕೈಯಲ್ಲೇ ಇತ್ತು.

"ಅತ್ತೆ, ಅವತ್ತು ಅವರು ನನಗೆ ಹೇಳಿದ್ರು. ಎದೆ ಹಿಡ್ಕೊಂಡ ಹಾಗಾಗ್ತಿದೆ ಅಂತ. ನಾನು ಎದ್ದು ಬರ್ಲಿಲ್ಲ. ನೀವು ಕೇಳಿದಾಗ ಇಲ್ಲ ಅಂದೆ."

ಅತ್ತೆ ಕೋಳಿಯ ಮೇಲಿಟ್ಟ ಕೈ ತೆಗೆಯಲಿಲ್ಲ. ನನ್ನನ್ನು ಹೊಡೆಯಲಿ, ಬೈಯಲಿ, ಇವತ್ತೇ ಗಂಟು ಕಟ್ಟಿಕೊಂಡು ಹೋಗಲಿ ಎಂದು ಕಾಯುತ್ತಿದ್ದೆ.

"ಎಷ್ಟು ಹೊತ್ತಿಗೆ ಹೇಳ್ದ?"

ಹನ್ನೊಂದು ಗಂಟೆಗೆ, ಎಂದೆ.

"ಹತ್ತೂವರೆಗೆ ನನ್ನ ಹತ್ರ ಬಂದಿದ್ದ, ಅಡುಗೆಮನೆಗೆ. ನಾನೇ ಬಿಸಿನೀರು ಕೊಟ್ಟು, ಬೆನ್ನು ನೀವಿ ಕಳಿಸ್ದೆ. ಅವಳಿಗೆ ಹೇಳ್ಬೇಡ, ಕೆಲಸ ಇದೆ, ಸುಮ್ನೆ ಗಾಬರಿ ಆಗ್ತಾಳೆ ಅಂದೆ." ಅತ್ತೆ ಘಾಟಿಯ ಕತ್ತು ನೇವರಿಸಿದರು. "ನೀನು ಇಲ್ಲ ಅಂದ್ಯಲ್ಲ. ನಾನು ಬೇಡ ಅಂದಿದ್ದಕ್ಕೇ ನಿನಗೆ ಹೇಳ್ದೆ ಹೋದ, ಹೇಳಿದ್ರೆ ನೀನು ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ, ನಾನೇ ನನ್ನ ಮಗನ ಬಾಯಿ ಮುಚ್ಚಿಸ್ದೆ ಅಂತ, ಎರಡು ವರ್ಷ..."

ನನ್ನ ಒಂದು ಇಲ್ಲ. ನಾನು ಅದನ್ನು ನನ್ನನ್ನು ಮುಚ್ಚಿಕೊಳ್ಳಲು ಹೇಳಿದ್ದೆ. ಅದು ಎರಡು ವರ್ಷದಿಂದ ಇವರೊಳಗೆ ಕೂತು ಕೊಳೆಯುತ್ತಿತ್ತು, ನನಗೆ ಅದರ ವಾಸನೆಯೂ ಬಂದಿರಲಿಲ್ಲ.

"ಹಾಗಾದ್ರೆ ನನ್ನ ಮಾತು ಕೇಳ್ಲಿಲ್ಲ ಅವನು," ಎಂದರು ಅತ್ತೆ. ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರು ಹೇಳಿದ್ದಾರೆ, ಒಳಗಿನಿಂದ ಬರುವ ನೀರಿನ ಬಗ್ಗೆ ಏನು ಹೇಳಿದ್ದಾರೋ ಗೊತ್ತಿಲ್ಲ, ಎರಡು ಕಣ್ಣಿನಿಂದಲೂ ಧಾರಾಕಾರ. "ಹುಟ್ಟಿದಾಗಿಂದ ಒಂದು ದಿನ ಕೇಳಿದ್ದಿಲ್ಲ. ಅವತ್ತೂ ಕೇಳ್ಲಿಲ್ಲ."

ಜೂನ್ 10, ಸೋಮವಾರ

ಅತ್ತೆ ಇಡೀ ದಿನ ಒಳಗೆ ಬರಲಿಲ್ಲ. ಊಟ ಆಯಿತಾ ಎಂದು ನಾನು ಕೇಳಲಿಲ್ಲ. ಹಿತ್ತಲಲ್ಲಿ ಕೂತಿದ್ದರು. ನಾನೂ ಹೋಗಲಿಲ್ಲ.

ಜೂನ್ 11, ಮಂಗಳವಾರ

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಸಿರಿಂಜು ಕುದಿಸಿಟ್ಟಿದ್ದರು.

ಜೂನ್ 14, ಶುಕ್ರವಾರ

ತಲೆ ಕೆಟ್ಟುಹೋಗಿದೆ. ಘಾಟಿಯನ್ನು ಇವತ್ತು ಗೂಡಿಗೆ ಬಿಡಬೇಕು ಎಂದು ಅತ್ತೆ, ಬೆನ್ನು ಇನ್ನೂ ಕೆಂಪಗಿದೆ, ಬಿಟ್ಟರೆ ಬಿಳಿಯವು ಕುಕ್ಕುತ್ತವೆ ಎಂದು ನಾನು. ನಾಯಿಗೆ ಕೊಟ್ಟವಳು ನೀನು, ನನಗೆ ಬುದ್ಧಿ ಹೇಳಬೇಡ ಎಂದರು. ಕೋಳಿಯ ಬಣ್ಣವೇ ಗೊತ್ತಿಲ್ಲದೆ ಮೂರು ವರ್ಷ ಸಾಕಿದವರು ನೀವು ಎಂದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ಏನಾಯಿತು ಎಂದು ಕೇಳುವಷ್ಟು ಜೋರಾಗಿ ಆಡಿದೆವು. ಮುದುಕಿಯ ಬಾಯಿ ಸಾಮಾನ್ಯದ್ದಲ್ಲ. ಇಷ್ಟು ದಿನ ಎಲ್ಲಿಟ್ಟುಕೊಂಡಿದ್ದರೋ!

ಕೊನೆಗೆ ಡಾಕ್ಟರಮ್ಮನಿಗೆ ಫೋನು ಮಾಡಿದೆವು. ಒಂದು ತೆಳುಬಟ್ಟೆಯ ಅಂಗಿ ಹೊಲಿದು ಹಾಕಿ ಬಿಡಿ, ಕುಕ್ಕುವುದಿಲ್ಲ ಎಂದರು. ಈ ಹೊಲಿಗೆಯನ್ನು ಮಾತ್ರ ಬಿಚ್ಚುವುದಿಲ್ಲ ಎಂದೂ ಹೇಳಿ ನಕ್ಕರು. ಯೂನಿಫಾರ್ಮಿನ ಚೂರಿನಲ್ಲಿ ಹೊಲಿದೆ, ಕಾಲರ್ ಇಲ್ಲದೆ. ಅತ್ತೆ ಹಿಡಿದುಕೊಂಡರು, ನಾನು ಗುಂಡಿ ಹಾಕಿದೆ. ಘಾಟಿ ಇಬ್ಬರನ್ನೂ ಕುಕ್ಕಿದಳು.

ಸಂಜೆ ನಾಲ್ಕು ಕೋಳಿಗಳನ್ನೂ ಗೂಡಿಗೆ ಅಟ್ಟಿ, ಚಿಲಕ ಎತ್ತಿ, ಒತ್ತಿ, ಎರಡು ಸಲ ಎಳೆದು ನೋಡಿ ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ಅತ್ತೆ ಎದ್ದು ಹಿತ್ತಲಿಗೆ ಹೋಗಿ ಅದನ್ನು ಮುಟ್ಟಿ ನೋಡಿ ಬಂದರು. ಹೊಸ ಕಣ್ಣಿದ್ದೂ ಬೆರಳಿನಿಂದಲೇ. "ಕೂತಿದೆ" ಎಂದರು. ಇಬ್ಬರಿಗೂ ಬಡಿಸಿಕೊಂಡು ಕೂತೆವು. ಅಕ್ಕಿಯ ಅಂದಾಜು ಇವತ್ತು ಸರಿಹೋಯಿತು.

ಅಳತೆ: ಅರ್ಧ ಇಂಚು. ಇನ್ನು 'ಅಗಲ' ಅಂತ ಬರೆಯುವಷ್ಟು ಇಲ್ಲ.